ಬಾಗಿಲಲ್ಲಿ ಬಿಟ್ಟ ಬೂಟು

ಎಡಗಾಲಿನ ಹಿಮ್ಮಡಿಗೆ ಮತ್ತೆ ಕಚ್ಚಿತು ಹಾಳಾದ್ದು, ಹೊಸ ಬೂಟು, ಎರಡು ವರ್ಷ ದಿನವಿಡೀ ನಡೆದರೂ ಅಟ್ಟೆ ಸವೆಯಲ್ಲ ಕಣಮ್ಮ ಅಂತ ಅಂಗಡಿಯವನು ಎದೆ ತಟ್ಟಿ ಹೇಳಿದ್ದ, ಅಟ್ಟೆಯೇನೋ ಸವೆದಿಲ್ಲ, ಸವೆಯುತ್ತಿರುವುದು ಹುಡುಗನ ಹಿಮ್ಮಡಿ — ಮೂರನೇ ಮಹಡಿಯ ತಿರುವಿನಲ್ಲಿ ಯಾರ ಮನೆಯದೋ ಈರುಳ್ಳಿ ಹುರಿಯುವ ವಾಸನೆ, ಬಾಯಲ್ಲಿ ನೀರು, ದೇವರ ಮಾತು ಹೇಳಲು ಹೊರಟವನ ಮನಸ್ಸು ಬಾಣಲೆಯಲ್ಲಿ, ಚೆನ್ನಾಗಿದೆ — ಮುಂದೆ ಎರಡೆರಡು ಮೆಟ್ಟಿಲು ಹಾರುತ್ತ ಉದ್ದಣ್ಣ, ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿದೆ, ಆ ಹೆಸರಿಟ್ಟವನು ಹುಡುಗನೇ, ಅದೂ ಮನಸ್ಸಿನಲ್ಲಿ, ಬಾಯಲ್ಲಿ ಕರೆಯಬೇಕಾದ್ದು ಎಲ್ಡರ್ ಅಂತ, ಅಂದರೆ ಹಿರಿಯರು, ಇಬ್ಬರ ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲೂ ಹಾಗೇ ಬರೆದಿದೆ, ಇಪ್ಪತ್ತು ತುಂಬಿಲ್ಲ, ಮೀಸೆ ಬರಲೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದೆ, ಹಿರಿಯರಂತೆ, ಅಪ್ಪ ಬದುಕಿದ್ದಿದ್ದರೆ ಬಿದ್ದೂ ಬಿದ್ದೂ ನಗುತ್ತಿದ್ದ. ಮಾರ್ಮನ್ ಅನ್ನುವ ಕ್ರೈಸ್ತ ಸಭೆಯ ಹುಡುಗರು ಇಬ್ಬರೂ, ಎರಡು ವರ್ಷ ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರ ಬಾಗಿಲು ತಟ್ಟುವ ಸೇವೆ, ಜೊತೆಗಾರನ ಕಣ್ಣಳತೆ ಬಿಟ್ಟು ಎಲ್ಲೂ ಹೋಗುವಂತಿಲ್ಲ, ಬಚ್ಚಲಿಗೆ ಹೋದರೂ ಬಾಗಿಲಾಚೆ ಉದ್ದಣ್ಣನ ಕೆಮ್ಮು, ಹೊಟ್ಟೆ ಸರಿಯಿಲ್ವಾ ಅಂತ ವಿಚಾರಣೆ ಬೇರೆ, ಮನೆಗೆ ಫೋನು ವಾರಕ್ಕೊಂದು ದಿನ, ಬಟ್ಟೆ ಒಗೆಯುವ ದಿನ, ಅದು ಇನ್ನು ನಾಡಿದ್ದು, ಟೀ ಇಲ್ಲ ಕಾಫಿ ಇಲ್ಲ, ಅದೂ ಸಭೆಯ ಕಟ್ಟಳೆ — ಕೆಳಗಿನ ಮನೆಯ ಟೈಲರ್ ಮಾತ್ರ ಒಳ್ಳೆಯ ಮನುಷ್ಯ, ಮಾತು ಆಮೇಲೆ, ಮೊದಲು ಟೀ ಕುಡೀರಪ್ಪ, ನಾವು ಟೀ ಕುಡಿಯಲ್ಲ ಸಾರ್, ಹಾಗಾದ್ರೆ ಕಾಫಿ, ಅದೂ ಇಲ್ಲ ಸಾರ್, ಕತ್ತರಿ ಕೆಳಗಿಟ್ಟು ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ, ಮತ್ತೆ ಬೆಳಿಗ್ಗೆ ಏಳೋದಾದ್ರೂ ಯಾತಕ್ಕೆ ಅಂದ, ನೀರು ಕೊಟ್ಟ, ಹುಡುಗನಿಗೆ ನಗು ಬಂತು, ಈ ಊರಿಗೆ ಬಂದ ಮೇಲೆ ಮೊದಲ ನಗು. ಬಂದ ದಿನದಿಂದ ಒಂದು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದಾನೆ, ನನ್ನ ಕೈಲಿ ಆಗಲ್ಲ, ನಾನು ಮನೆಗೆ ಹೋಗ್ತೀನಿ, ಅಷ್ಟೇ ಮಾತು, ಪ್ರತಿ ಬಾಗಿಲು ಮುಖದ ಮೇಲೆ ಮುಚ್ಚಿದಾಗಲೂ ನಾಲಿಗೆಯ ತುದಿಗೆ ಬರುತ್ತದೆ, ಆದರೆ ಅಮ್ಮ, ಅಮ್ಮನಿಗೆ ಏನು ಹೇಳುವುದು, ದಿನವಿಡೀ ಲಾಂಡ್ರಿಯಲ್ಲಿ ಕಂಡವರ ಬಟ್ಟೆಗೆ ಇಸ್ತ್ರಿ ತಿಕ್ಕಿ ಬಂದವಳು ರಾತ್ರಿ ಮತ್ತೆ ಮಗನ ಬಿಳಿ ಅಂಗಿಗಳನ್ನು ತಿಕ್ಕಿ ಪೆಟ್ಟಿಗೆಯಲ್ಲಿ ಜೋಡಿಸಿದವಳು, ನಿಮ್ಮಪ್ಪನ ಆಸೆ ಕಣೋ ಇದು, ನನಗೇನಾಗತ್ತೆ, ನನ್ನ ಚಿಂತೆ ಬಿಡು, ಹಳೇ ಬೂಟು ಮಾತ್ರ ತಗೊಂಡು ಹೋಗಬೇಡ, ಯಾಕಮ್ಮ ಮಳೆಗೆ ಬೇಕಾಗತ್ತೆ, ಬೇಡ ಬಾಗಿಲಲ್ಲೇ ಇರಲಿ ಬಿಡು — ಎಂಥ ಪ್ರೀತಿ ಅಂತ ಇವನ ಕಣ್ಣು ತುಂಬಿತು, ಹುಟ್ಟಿದಾಗಿನಿಂದ ಬೂಟು ಬಿಡುವ ರೀತಿಗೇ ಬೈಸಿಕೊಂಡವನು, ಕತ್ತೆ ಒದ್ದ ಹಾಗೆ ಒದ್ದು ಬರ್ತೀಯಲ್ಲೋ, ಒಂದು ನೆಟ್ಟಗೆ ಒಂದು ಮಗ್ಗುಲಿಗೆ, ಬಗ್ಗಿ ಇಟ್ಟರೆ ಸೊಂಟ ಮುರಿಯತ್ತಾ, ಅದಕ್ಕೇ ಹೊರಡುವ ದಿನ ಬಗ್ಗಿ ಎರಡನ್ನೂ ಗೋಡೆಗೆ ಒತ್ತಿ ನೆಟ್ಟಗೆ ಇಟ್ಟ, ಅಮ್ಮನಿಗೆ ಅದೊಂದಾದರೂ ಸುಖ ಇರಲಿ ಅಂತ. ಬೀದಿಯ ತಿರುವಿನಲ್ಲಿ ಹೊರಳಿ ನೋಡಿದರೆ ಅವಳು ಕೈ ಬೀಸುತ್ತಿರಲಿಲ್ಲ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು, ಅಳುತ್ತಿದ್ದಾಳೆ ಅಂದುಕೊಂಡ.

ಈ ಬಾಗಿಲು ನಿನ್ನದು ಅಂದ ಉದ್ದಣ್ಣ, ನಾಲ್ಕನೇ ಮಹಡಿಯ ದೀಪ ಕೆಟ್ಟಿದೆ, ಸಂಜೆ ಕಪ್ಪಾಗುತ್ತಿದೆ, ಹೆದರಬೇಡ, ಮೊದಲು ನಮಸ್ಕಾರ, ಆಮೇಲೆ ನಾವು ಯಾರು ಅಂತ, ಬಾಗಿಲಿಂದ ಎರಡು ಹೆಜ್ಜೆ ಹಿಂದೆ ನಿಲ್ಲು, ಒಳಗೆ ಬನ್ನಿ ಅಂದರೆ ಮಾತ್ರ ಆ ಪ್ರಶ್ನೆ ಕೇಳು, ಗೊತ್ತಲ್ಲ — ಗೊತ್ತು, ಹೆಂಗಸೊಬ್ಬಳೇ ಇರುವ ಮನೆಯೊಳಗೆ ಕಾಲಿಡುವಂತಿಲ್ಲ, ಅವರ ಮರ್ಯಾದೆಗೂ ನಮ್ಮ ಮರ್ಯಾದೆಗೂ ಅದೇ ಒಳ್ಳೆಯದು, ಬಾಯಿಪಾಠ ಇದೆ, ಮೆಟ್ಟಿಲ ಮೇಲೂ ಅದನ್ನೇ ಒಪ್ಪಿಸಿಕೊಳ್ಳುತ್ತ ಬಂದಿದ್ದಾನೆ, ಬಾಗಿಲ ಪಕ್ಕ ಒಂದು ಜೊತೆ ಗಂಡಸರ ಬೂಟು, ದೊಡ್ಡವು, ಪುಣ್ಯಕ್ಕೆ ಮನೆಯಲ್ಲಿ ಯಾರೋ ಇದ್ದಾರೆ, ತಟ್ಟಿದ, ಒಳಗೆ ರೇಡಿಯೋ ನಿಂತಿತು, ಬಾಗಿಲು ಅಂಗೈಯಗಲ ತೆರೆಯಿತು, ಅಮ್ಮನ ವಯಸ್ಸಿನ ಹೆಂಗಸು, ಕೈಗೆ ಹಿಟ್ಟು ಮೆತ್ತಿದೆ, ಯಾರು ಬೇಕಿತ್ತು ಅಂದಳು, ಅಷ್ಟೇ, ತಲೆಯೊಳಗೆ ಸ್ಲೇಟು ಒರೆಸಿದ ಹಾಗಾಯಿತು, ನಮಸ್ಕಾರ ಹೋಯಿತು, ನಾವು ಯಾರು ಅನ್ನುವುದು ಹೋಯಿತು, ದೇವರೂ ಹೋದ, ಉಳಿದದ್ದು ಆ ಪ್ರಶ್ನೆ ಒಂದೇ, ಎರಡು ಹೆಜ್ಜೆ ಹಿಂದೆ ಹೋಗಬೇಕಾದವನು ಒಂದು ಹೆಜ್ಜೆ ಮುಂದೆ ಬಂದು ಕೇಳಿಬಿಟ್ಟ, ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ. ಹಿಟ್ಟಿನ ಕೈ ಬಾಗಿಲ ಸರಪಳಿ ಹುಡುಕಿತು, ಒಮ್ಮೆ ತಪ್ಪಿತು, ಮತ್ತೆ ಸಿಕ್ಕಿತು, ಇದ್ದಾರೆ ಇದ್ದಾರೆ, ಮಲಗಿದ್ದಾರೆ, ರೀ, ಏಳಿ ಯಾರೋ ಬಂದಿದ್ದಾರೆ, ರೀ, ಒಳಗಿನಿಂದ ಯಾರೂ ಓಗೊಡಲಿಲ್ಲ, ಅವಳ ಕಣ್ಣು ಇವನ ಮುಖದಿಂದ ಉದ್ದಣ್ಣನ ಎತ್ತರಕ್ಕೆ ಏರಿ ಇಳಿಯಿತು, ನಾವು ಚರ್ಚಿನವರಮ್ಮ ಅಂತ ಉದ್ದಣ್ಣ ಹಲ್ಲು ಬಿಡುವಷ್ಟರಲ್ಲಿ ಬಾಗಿಲು ಮುಚ್ಚಿ ಚಿಲಕ ಬಿತ್ತು, ಇನ್ನೊಂದು ಚಿಲಕವೂ ಬಿತ್ತು.

ಇರಲಿ ಬಿಡು, ಯಜಮಾನರು ನಿದ್ದೆಯಲ್ಲಿದ್ದಾರೆ ಪಾಪ, ಇನ್ನೊಂದು ದಿನ ಬರೋಣ ಅಂದ ಉದ್ದಣ್ಣ, ಯಜಮಾನರೆಲ್ಲಿ, ಯಾವ ಯಜಮಾನರು, ಹುಡುಗನ ಕಣ್ಣು ಕೆಳಗೇ ಇತ್ತು, ದೊಡ್ಡ ಬೂಟು, ಜೋಡಿಸಿಟ್ಟ ಹಾಗೆ ಜೋಡಿ, ಲಾಡಿ ಹೂವಿನ ಹಾಗೆ ಕಟ್ಟಿದೆ, ಕಾಲಿಗೆ ಹಾಕಿ ಬಿಚ್ಚಿದವರು ಯಾರಾದರೂ ಹಾಗೆ ಕಟ್ಟಿಡುತ್ತಾರೆಯೇ, ಮೇಲೆಲ್ಲ ಧೂಳು, ಒಳಗೆ ಜೇಡರ ಬಲೆ — ಯಾರೂ ಇಲ್ಲ ಮನೆಯೊಳಗೆ, ಅವಳೊಬ್ಬಳೇ, ಕತ್ತಲಲ್ಲಿ ಇಬ್ಬರು ಗಂಡಸರು ಬಂದು ಕೇಳಿದ್ದೇನು, ನೀನು ಒಬ್ಬಳೇನಾ ಅಂತ, ಅದನ್ನೇ ಅಲ್ಲವೇ ಕೇಳಿದ್ದು, ಅಯ್ಯೋ ದೇವರೇ, ಯಾರ ಮರ್ಯಾದೆ ಉಳಿಸಲು ಹೋಗಿ ಯಾರ ಜೀವ ನಡುಗಿಸಿದೆ, ಮತ್ತೆ ತಟ್ಟಿ ತಪ್ಪಾಯಿತಮ್ಮ ಅನ್ನೋಣವೇ, ತಟ್ಟಿದರೆ ಇನ್ನಷ್ಟು ಹೆದರುತ್ತಾಳೆ, ತನ್ನ ಲಾಡಿ ಕಟ್ಟುವ ನೆಪದಲ್ಲಿ ಬಗ್ಗಿದ, ಒಂದು ಬೂಟನ್ನು ಮಗ್ಗುಲಿಗೆ ಉರುಳಿಸಿದರೆ ಸಾಕು, ಮುಂದೆ ಬರುವವರು ಯಾರೇ ಆಗಲಿ, ಒಳಗೆ ಈಗ ತಾನೇ ಯಾರೋ ಹೋದ ಹಾಗೆ ಕಾಣುತ್ತದೆ, ನಿಜವಾದ ಮನುಷ್ಯ ಯಾರೂ ಬೂಟು ಇಷ್ಟು ನೀಟಾಗಿ ಬಿಡುವುದಿಲ್ಲ, ಇದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಕೈ ಚಾಚಿದ, ಬಾಗಿಲಲ್ಲಿರುವ ಗಾಜಿನ ಕಿಂಡಿ ಕಪ್ಪಾಗಿತ್ತು, ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಾಳೆ. ಚಾಚಿದ ಕೈ ಹಿಂದಕ್ಕೆ ತಗೊಂಡ.

ಏನಾಯ್ತೋ, ಮುಖ ಹೀಗ್ಯಾಕಾಗಿದೆ, ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿದ್ದಾನೆ ಉದ್ದಣ್ಣ, ಬಾಟಲಿಯ ಮುಚ್ಚಳ ತೆಗೆದು ನೀರು ಹಿಡಿದಿದ್ದಾನೆ, ಮೊದಲ ವಾರ ನಾನೂ ಅತ್ತಿದ್ದೆ, ನಾಚಿಕೊಳ್ಳಬೇಡ — ಫೋನ್ ಕೊಡು, ನಾಡಿದ್ದು ಅಲ್ವಾ, ಇಲ್ಲ ಈಗ ಬೇಕು, ನಾನು ಮನೆಗೆ ಹೋಗ್ತೀನಿ ಅನ್ನುವ ಮಾತು ಅದರ ಹಿಂದೆಯೇ ಬರುತ್ತದೆ ಅಂತ ಇವನಿಗೇ ಅನ್ನಿಸಿತು, ಬರಲಿಲ್ಲ, ಅಮ್ಮ ಒಬ್ಬಳೇ ಇದ್ದಾಳೆ ಅಂದ, ಅಷ್ಟೇ ಅಂದದ್ದು, ಉದ್ದಣ್ಣ ಜೇಬಿನಿಂದ ಫೋನು ತೆಗೆದುಕೊಟ್ಟ, ಕಣ್ಣಳತೆಯಲ್ಲೇ, ಆದರೆ ಬೆನ್ನು ತಿರುಗಿಸಿ ನಿಂತ, ಎಂಥ ಒಳ್ಳೆಯವನು ಈ ಉದ್ದಣ್ಣ, ಹೊಸ ಫೋನು, ಈ ನಂಬರು ಅಮ್ಮನಿಗೆ ಗೊತ್ತಿಲ್ಲ, ರಿಂಗಾಗುತ್ತಿದೆ, ಈ ಹೊತ್ತಿಗೆ ಲಾಂಡ್ರಿಯಿಂದ ಬಂದಿರುತ್ತಾಳೆ, ಏನು ಕೇಳುವುದು, ಬಾಗಿಲು ಯಾರಾದರೂ ತಟ್ಟುತ್ತಾರಾ ಅಮ್ಮ, ಹಲೋ ಅಂದಳು, ಅಮ್ಮನದೇ ದನಿ, ಅಲ್ಲ, ಅಮ್ಮನಿಗೆ ಇಂಥ ದನಿಯೇ ಇಲ್ಲ, ಬಿಗಿಯಾದ, ಗಟ್ಟಿಯಾದ ದನಿ, ಯಾರು ಮಾತಾಡ್ತಿರೋದು, ಇವನದು ಬರೀ ಉಸಿರು, ಯಾರ್ರೀ ಅದು, ಇವನು ಅಮ್ಮ ಅನ್ನಬೇಕು, ಅಷ್ಟರಲ್ಲಿ ಅವಳೇ, ಮಗ ಇದ್ದಾನೆ, ಸ್ನಾನಕ್ಕೆ ಹೋಗಿದ್ದಾನೆ, ಈಗ ಬರ್ತಾನೆ, ಅವನ ಹತ್ರಾನೇ ಮಾತಾಡಿ, ಆಮೇಲೆ ಫೋನಿನಿಂದ ಬಾಯಿ ಆಚೆ ಮಾಡಿ ಆ ಖಾಲಿ ಮನೆಯೊಳಗೆ ಕೂಗಿದಳು, ಕಂದಾ, ಬೇಗ ಬಾರೋ, ನಿನಗೆ ಫೋನು — ಹೊರಟ ದಿನ ಅವಳು ಅಳುತ್ತಿರಲಿಲ್ಲ, ಬೀದಿಯ ತಿರುವಿನಿಂದ ಕಂಡದ್ದು ತಗ್ಗಿದ ತಲೆ, ಅದರ ಕೆಳಗೆ ಸೀರೆಯ ಅಂಚಿನಿಂದ ಹೊರಬಂದ ಪಾದ, ಇವನು ನೆಟ್ಟಗೆ ಇಟ್ಟು ಬಂದ ಬೂಟಿನಲ್ಲಿ ಬಲಗಾಲಿನದನ್ನು ಹೆಬ್ಬೆರಳಿನಿಂದ ಮೆಲ್ಲಗೆ ನೂಕುತ್ತಿತ್ತು ಆ ಪಾದ, ಒಂದು ನೆಟ್ಟಗೆ, ಒಂದು ಮಗ್ಗುಲಿಗೆ, ಒಂದು ನೆಟ್ಟಗೆ, ಒಂದು ಮಗ್ಗುಲಿಗೆ