ಹಲಸಿನ ಮರದ ಮೂಲಾಧಾರ

ನಯನಳ ದನಿ ಹೋದದ್ದು ಐದನೇ ತರಗತಿಗೆ ಪದ್ಯ ಹೇಳಿಕೊಡುತ್ತಿದ್ದಾಗ. ಕಡೂರಿನಿಂದ ಬೆಳಗಿನ ರೈಲು ಹತ್ತಿ ಶಿವನಿಯ ಶಾಲೆಗೆ ಹೋಗುತ್ತಿದ್ದ ಅವಳಿಗೆ ಗಂಟಲು ಕಟ್ಟುವುದು ಹೊಸದಲ್ಲ; ಮೆಣಸಿನ ಕಷಾಯ ಕುಡಿದರೆ ಸರಿಹೋಗುತ್ತಿತ್ತು. ಅಂದು ಮಾತ್ರ ಬಾಯಿ ತೆರೆದರೆ ಬರೀ ಗಾಳಿ ಬಂತು. ಶಿವಮೊಗ್ಗದ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ ಎಂದರು. ಸ್ವಲ್ಪ ದಿನ ಪೂರ್ತಿ ಮೌನ, ಪಿಸುಗುಟ್ಟುವುದೂ ಬೇಡ. ಆಮೇಲೆ ಧ್ವನಿಯ ವ್ಯಾಯಾಮ.

ಮನೆಯಲ್ಲಿ ಗಂಡ ಮೋಹನ್ ಮತ್ತು ಅತ್ತೆ ಕೆಂಚಮ್ಮ. ನಯನಳಿಗೂ ಅತ್ತೆಗೂ ಸಾರಿನ ಉಪ್ಪಿನಿಂದ ಹಿಡಿದು ಟಿವಿಯ ಸದ್ದಿನವರೆಗೆ ದಿನಕ್ಕೊಂದು ವಾದ ಇದ್ದದ್ದೇ. ಈಗ ವಾದ ನಿಂತು ಮನೆ ಬಿಕೋ ಎನ್ನತೊಡಗಿತು. ಮಾತಾಡದ ನಯನಳ ತಲೆಯೊಳಗೆ ಮಾತ್ರ ಮಾತು ನಿಲ್ಲಲಿಲ್ಲ. ದನಿ ಬರದಿದ್ದರೆ ಕೆಲಸದ ಗತಿಯೇನು? ಮಕ್ಕಳ ಮುಂದೆ ನಿಲ್ಲುವುದು ಹೇಗೆ? ಅವಳು ನಿದ್ದೆಗೆಡುವುದನ್ನು ನೋಡಲಾರದೆ ಮೋಹನ್ ಅವಳನ್ನು ವಿಶ್ವಾರಾಧ್ಯರ ಬಳಿ ಕರೆದೊಯ್ದ. ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ಅವರು ತಮ್ಮ ಮನೆಯ ಮಹಡಿಯಲ್ಲಿ ಧ್ಯಾನ ಹೇಳಿಕೊಡುತ್ತಿದ್ದರು.

ಅಲ್ಲಿ ಒಂದು ಮೇಜಿನ ತುಂಬ ಸಾಮಾನುಗಳಿದ್ದವು. ಏಳು ಬಣ್ಣದ ಮಣಿಗಳ ಮಾಲೆ, ನುಣುಪಾದ ಕಲ್ಲುಗಳು, ಕಂಚಿನ ಬಟ್ಟಲು, ಯೋಗದ ಏಳು ಚಕ್ರಗಳಲ್ಲಿ ಒಂದೊಂದರ ಕಮಲವನ್ನೂ ಕಸೂತಿ ಹಾಕಿದ ಬಟ್ಟೆಗಳು, ಮರದ ಬಿಲ್ಲೆಗಳು.

"ಟೀಚರ್, ಇವು ಔಷಧಿ ಅಲ್ಲ. ಡಾಕ್ಟ್ರು ಹೇಳಿದ್ದೇ ಮೊದಲು," ಎಂದರು ವಿಶ್ವಾರಾಧ್ಯರು. "ಮನಸ್ಸು ಓಡಿಹೋದಾಗ ವಾಪಸ್ ಬಂದು ಕೂರಕ್ಕೆ ಒಂದು ಜಾಗ ಬೇಕಲ್ಲ, ಅಷ್ಟಕ್ಕೆ. ಒಂದು ತಗೊಂಡು ಹೋಗಿ. ಒಗ್ಗದಿದ್ರೆ ತಂದು ಬದಲಾಯಿಸಿ."

ಗಂಟಲಿನದು ವಿಶುದ್ಧಿ ಚಕ್ರ, ಅದರ ಬಣ್ಣ ನೀಲಿ ಎಂದು ನಯನ ಎಲ್ಲೋ ಓದಿದ್ದಳು. ಹಿಂದೆಮುಂದೆ ನೋಡದೆ ನೀಲಿ ಕಲ್ಲನ್ನೇ ಎತ್ತಿಕೊಂಡಳು. ಮನೆಯಲ್ಲಿ ಅದನ್ನು ಅಂಗೈಯಲ್ಲಿ ಹಿಡಿದು ಗಂಟಲಿನ ಮೇಲೆ ಗಮನವಿಟ್ಟರೆ, ನೋವು ಇದೆಯೋ ಹೋಯಿತೋ ಎಂದು ಹುಡುಕುವುದೇ ಆಯಿತು. ಮತ್ತೆ ಹೋದಾಗ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದಳು: "ಹೆದರಿಕೆ ಜಾಸ್ತಿ ಆಗ್ತಿದೆ ಸರ್."

ಅವರು ಕನ್ನಡಕ ಏರಿಸಿಕೊಂಡು ಓದಿದರು. "ನೀವು ಗಂಟಲಿಗೆ ಕಾವಲು ಕೂತಿದ್ದೀರಿ. ಅದನ್ನ ಸ್ವಲ್ಪ ಬಿಟ್ಬಿಡಿ. ಕೆಳಗಿಂದ ಶುರು ಮಾಡೋಣ. ಈ ಸಲ ಬಣ್ಣ ನೋಡ್ಬೇಡಿ, ಕಣ್ಣು ಮುಚ್ಚಿ ಮುಟ್ಟಿ ನೋಡಿ."

ನಯನ ಒಂದೊಂದನ್ನೇ ಮುಟ್ಟುತ್ತ ಹೋದಳು. ಒಂದು ಬಿಲ್ಲೆಯ ಮೇಲೆ ಕೈ ತಾನಾಗಿ ನಿಂತಿತು. ಹಲಸಿನ ಮರದ್ದು; ಅಂಗೈಯಷ್ಟಗಲ, ತೂಕವಾಗಿತ್ತು, ಬೆಚ್ಚಗಿತ್ತು. ಮೇಲೆ ನಾಲ್ಕು ದಳದ ಕೆಂಪು ಕಮಲ. "ಮೂಲಾಧಾರ, ಬೆನ್ನುಮೂಳೆ ಬುಡದ ಚಕ್ರ," ಎಂದರು ವಿಶ್ವಾರಾಧ್ಯರು. "ಇದನ್ನ ತೊಡೆ ಮೇಲೆ ಇಟ್ಕೊಂಡು, ನೆಲ ನಿಮ್ಮನ್ನ ಹೊತ್ಕೊಂಡಿರೋದನ್ನ ಗಮನಿಸ್ತಾ ಇರಿ. ಬೇರೇನೂ ಬೇಡ."

ಮರುದಿನ ಬೆಳಿಗ್ಗೆ ಅವಳು ಹಿತ್ತಿಲ ಜಗಲಿಯ ಮೇಲೆ ಕೂತಳು. ಬೆರಳು ದಳದಿಂದ ದಳಕ್ಕೆ ಮೆಲ್ಲಗೆ ಸಾಗಿತು. ಯೋಚನೆ ಬಂದಾಗಲೆಲ್ಲ ಮರದ ಭಾರಕ್ಕೆ, ಕೆಳಗಿನ ತಣ್ಣನೆಯ ಕಲ್ಲಿಗೆ ಗಮನ ತಂದಳು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಸರಸರ ಸದ್ದು. ಕಣ್ಣು ಬಿಟ್ಟರೆ ಅತ್ತೆ. ತೆಂಗಿನ ಗರಿ ಹರವಿಕೊಂಡು ಪೊರಕೆಗೆ ಕಡ್ಡಿ ಸೀಳುತ್ತಿದ್ದಳು. ಅಂದಿನಿಂದ ದಿನವೂ ಸೊಸೆ ಬಿಲ್ಲೆ ಹಿಡಿದು ಕೂತರೆ ಅತ್ತೆ ಏನಾದರೊಂದು ಕೆಲಸ ಹಿಡಿದು ಬಂದು ಕೂರುತ್ತಿದ್ದಳು. ಯಾರಾದರೂ ಬಂದರೆ, "ನಮ್ ಹುಡ್ಗಿ ಈಗ ಮಾತಾಡಂಗಿಲ್ಲ, ಏನಿದ್ರೂ ನಂತಾವ ಹೇಳು," ಎಂದು ಬಾಗಿಲಲ್ಲೇ ಸಾಗಹಾಕುತ್ತಿದ್ದಳು. ನಯನಳಿಗೆ ನಿದ್ದೆ ಹತ್ತತೊಡಗಿತು.

ಒಂದು ದಿನ ಕೆಂಚಮ್ಮ ಕೈಯ ಕೆಲಸ ನಿಲ್ಲಿಸದೆ ಹೇಳಿದಳು. "ನಂಗೂ ಒಂದ್ಸಲ ಮಾತು ನಿಂತೋಗಿತ್ತು ಕಣೇ. ಮೋಹನಂಗಿಂತ ಮುಂಚೆ ಒಂದು ಹೆಣ್ಮಗು ಆಗಿತ್ತು. ಜ್ವರ ಬಂದು ಹೋಯ್ತು. ಪಂಚನಹಳ್ಳಿ ನಮ್ ತೋಟದ ಬೇಲಿ ತಾವ ಮಣ್ಣು ಮಾಡುದ್ರು. ಆಮೇಲೆ ಒಂದು ಬೇಸಿಗೆಯೆಲ್ಲ ನನ್ ಬಾಯಿಂದ ಮಾತೇ ಹೊರಡ್ಲಿಲ್ಲ."

ನಯನ ಬಿಲ್ಲೆಯನ್ನು ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಈ ಮಗುವಿನ ಸುದ್ದಿ ಅವಳ ಕಿವಿಗೆ ಬಿದ್ದಿರಲಿಲ್ಲ. ಮೊದಲಾಗಿದ್ದರೆ ನೂರು ಪ್ರಶ್ನೆ ಕೇಳಿರುತ್ತಿದ್ದಳು. ಈಗ ಕೇಳಿಸಿಕೊಳ್ಳುವುದೊಂದೇ ಇತ್ತು.

"ಗರ ಬಡಿದದೆ ಅಂದ್ರು, ಸೊಕ್ಕು ಅಂದ್ರು. ಪಕ್ಕದಾಗೆ ಬಂದು ಕೂತ್ಕಂಡೋರು ಯಾರೂ ಇಲ್ಲ. ಅದಕ್ಕೇ ನಿನ್ ಪಕ್ಕ ಬಂದು ಕೂತ್ಕಂತೀನಿ. ನಿನ್ ಧ್ಯಾನ ಗೀನ ನಂಗೆ ತಿಳಿಯಾಕಿಲ್ಲ."

ನಯನ ಬಿಲ್ಲೆಯನ್ನು ಅತ್ತೆಯ ಮಡಿಲಲ್ಲಿಟ್ಟು, ಒರಟಾದ ಆ ಬೆರಳನ್ನು ಹಿಡಿದು ದಳಗಳ ಮೇಲೆ ಒಂದು ಸುತ್ತು ನಡೆಸಿದಳು. ಕೆಂಚಮ್ಮ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಬಿಸಿಲು ಜಗಲಿಗೆ ಏರುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದರು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು, ಗಂಟುಗಳ ಊತ ಇಳಿದಿದೆ, ಮೆಲ್ಲಗೆ ಒಂದೆರಡು ಮಾತಾಡಬಹುದು ಎಂದರು. ದಾರಿಯುದ್ದಕ್ಕೂ ನಯನ ಅತ್ತೆಗೆ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಳು. ಬಾಗಿಲಲ್ಲಿ ಅತ್ತೆಯ ಮುಖ ಕಂಡದ್ದೇ ಜೋಡಿಸಿದ್ದೆಲ್ಲ ಮರೆತುಹೋಯಿತು.

"ಅತ್ತೆ, ಕಾಫಿ ಕುಡಿದ್ರಾ?" ದನಿ ಒರಟಾಗಿತ್ತು, ಆದರೂ ಅವಳದೇ ಆಗಿತ್ತು.

"ಇಲ್ಲ ಕಣೇ, ನೀ ಬರ್ಲಿ ಅಂತಿದ್ದೆ," ಎಂದು ಕೆಂಚಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋದಳು.

ಧ್ವನಿಯ ವ್ಯಾಯಾಮ ನಡೆಯುತ್ತಲೇ ಇತ್ತು. ಶಾಲೆಗೆ ಮರಳುವ ಮುಂಚಿನ ಭಾನುವಾರ ನಯನ ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪಂಚನಹಳ್ಳಿಗೆ ಹೋದಳು. ಬೇಲಿ ಎಂದೋ ಬದಲಾಗಿತ್ತು. ಆದರೂ ಕೆಂಚಮ್ಮ ಎರಡು ತೆಂಗಿನ ಮರಗಳ ನಡುವಿನ ಜಾಗವನ್ನು ತಡವರಿಸದೆ ತೋರಿಸಿದಳು. ಇಬ್ಬರೂ ಮಣ್ಣಿನ ಮೇಲೆ ಕೂತರು.

"ಹೆಸ್ರು ಇಟ್ಟಿದ್ರಾ ಅತ್ತೆ?"

"ಗೌರಿ ಅಂತ ಕರೀತಿದ್ದೆ. ನಾನೊಬ್ಳೇ."

"ಗೌರಿ," ಎಂದಳು ನಯನ, ಮೆಲ್ಲಗೆ. ಮತ್ತೆ ಬಂದ ಈ ದನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು ಎನಿಸಿತು ಅವಳಿಗೆ. ಅತ್ತೆಯ ಭುಜಕ್ಕೆ ಭುಜ ತಾಗಿಸಿ ಸರಿದು ಕೂತಳು. ಕೆಂಚಮ್ಮ ಮಗುವಿನ ಕಣ್ಣು ಹೇಗಿತ್ತು, ಕೂದಲು ಹೇಗಿತ್ತು ಎಂದು ಹೇಳಲು ಶುರುಮಾಡಿದಳು.