ದಿಬ್ಬ ಸೀಳಿದ ದಾರಿ

ಮಾರ್ಚ್ ಹದಿನೇಳರ ಬೆಳಿಗ್ಗೆ ದ್ವೀಪ ನೋಡಲು ಹನ್ನೊಂದು ಮಂದಿ ಬಂದಿಳಿದರು. ಅವರನ್ನು ದೋಣಿಯಲ್ಲಿ ಕರೆತಂದವಳು ಅಕ್ಕ. ದಡದಲ್ಲಿ ಟೋಪಿ ಎತ್ತಿ ಬರಮಾಡಿಕೊಂಡವನು ತಮ್ಮ. ಅವಳು ಹುಟ್ಟು ಹಾಕುವುದು, ಅವನು ತಿರುಗಾಡಿಸಿ ಮಾತಾಡುವುದು: ಹೀಗೆ ಕಸುಬನ್ನು ಹಂಚಿಕೊಂಡು ಬದುಕಿದವರು. ಆ ದಿನ ಅಕ್ಕ ಹಲ್ಲು ಕಚ್ಚಿಕೊಂಡೇ ಹುಟ್ಟು ಹಾಕಿದ್ದಳು.

ದ್ವೀಪವೆಂದರೆ ಕಡಲಿಗೂ ಹಿನ್ನೀರಿಗೂ ನಡುವೆ ಉದ್ದಕ್ಕೆ ಬಿದ್ದ ಮರಳಿನ ಪಟ್ಟಿ. ಕಡಲ ಕಡೆ ಎತ್ತರದ ದಿಬ್ಬ, ಹಿನ್ನೀರಿನ ಕಡೆ ಕೆಸರು, ಕೊಕ್ಕರೆ. ನಡುವೆ ಹಳೆಯ ದೀಪಸ್ತಂಭ, ಆರು ಮನೆ, ಒಂದು ಸಿಹಿನೀರಿನ ಬಾವಿ. ಎರಡು ಉಪ್ಪಿನ ನಡುವೆ ಬಾವಿ ಸಿಹಿಯಾಗಿ ಉಳಿದಿದ್ದು ದಿಬ್ಬದ ದಯೆಯಿಂದ. ಅದಕ್ಕಾಗಿಯೇ ಅಲ್ಲಿಯವರು ಕಡಲಿಗೆ ನೇರವಾಗಿ ಇಳಿಯುವುದಿಲ್ಲ. ದಿಬ್ಬವನ್ನು ಓರೆಯಾಗಿ ಹತ್ತಿ ಓರೆಯಾಗಿ ಇಳಿಯುತ್ತಾರೆ. ಮರಳನ್ನು ಹಿಡಿದಿಟ್ಟ ಬಳ್ಳಿಯನ್ನು ಮಕ್ಕಳೂ ತುಳಿಯುವುದಿಲ್ಲ.

ತಮ್ಮ ಕಳೆದ ತಿಂಗಳು ಆ ಬಳ್ಳಿಯನ್ನು ಕಿತ್ತು ದಿಬ್ಬವನ್ನು ನೇರವಾಗಿ ಸೀಳಿದ್ದ. ದೀಪಸ್ತಂಭವೂ ಕಡಲೂ ಒಂದೇ ಫೋಟೋದಲ್ಲಿ ಸಿಗಬೇಕಂತೆ. ಹುಣ್ಣಿಮೆಯ ಉಬ್ಬರ ಆ ಸೀಳಿನಲ್ಲಿ ನುಗ್ಗಿ ಬಾವಿಕಟ್ಟೆಯನ್ನು ಮುಳುಗಿಸಿ, ಬಾವಿಯ ನೀರನ್ನು ಉಪ್ಪಾಗಿಸಿ ಹೋಯಿತು. ಅಂದಿನಿಂದ ಆರು ಮನೆಗೂ ಆಚೆ ದಡದಿಂದ ಕ್ಯಾನುಗಳಲ್ಲಿ ನೀರು ತರುವ ಕೆಲಸ ಅಕ್ಕನ ಕೊರಳಿಗೆ ಬಿತ್ತು. "ಎರಡು ದಿನದಲ್ಲಿ ಸರಿಹೋಗುತ್ತೆ ಬಿಡಕ್ಕ" ಎಂದು ತಮ್ಮ ತನ್ನ ಟೋಪಿ ಹುಡುಕಲು ಹೋಗಿದ್ದ.

"ಮೆಲ್ಲಗೆ ನಡೀರಿ, ಹಕ್ಕಿಗಳು ಮರಳಲ್ಲೇ ಮೊಟ್ಟೆ ಇಟ್ಟಿವೆ" ಎನ್ನುತ್ತ ಅವನು ಬಂದವರ ಮುಂದೆ ನಡೆದ. "ಇದು ದೀಪಸ್ತಂಭ. ಥೇಟ್ ನಮ್ಮಕ್ಕ! ಹಗಲೆಲ್ಲ ಬಿಗಿದುಕೊಂಡು ನಿಂತಿರುತ್ತೆ, ಕತ್ತಲಾದರೆ ಕಣ್ಣು ಕೆಕ್ಕರಿಸುತ್ತೆ."

ಬಂದವರು ನಕ್ಕರು. ಹಿಂದೆ ಬರುತ್ತಿದ್ದ ಅಕ್ಕ ನಗಲಿಲ್ಲ.

ತಿರುಗಾಟ ಎಂದಿನಂತೆ ಬಾವಿಯ ಬಳಿ ಮುಗಿಯಿತು. ಕಟ್ಟೆಯ ಮೇಲೆ ತುಂಬಿದ ಸ್ಟೀಲ್ ಬಿಂದಿಗೆ.

"ಈಗ ತಾನೇ ಸೇದಿದ್ದು, ಕುಡೀರಿ. ಸುತ್ತ ಉಪ್ಪು, ನಡುವೆ ಸಕ್ಕರೆ!"

ಆರು ಮನೆಗಳಲ್ಲೊಂದರಲ್ಲಿದ್ದ ಬಾಣಂತಿಗೆಂದು ಅಕ್ಕ ತಂದಿಟ್ಟಿದ್ದ ಕ್ಯಾನು ಬೆಳಿಗ್ಗೆ ಕಾಣೆಯಾಗಿತ್ತು. ಅದು ಎಲ್ಲಿಗೆ ಹೋಯಿತೆಂದು ಈಗ ತಿಳಿಯಿತು. ಒಬ್ಬಾಕೆ ಲೋಟ ಚಾಚುವಷ್ಟರಲ್ಲಿ ಅಕ್ಕ ಬಿಂದಿಗೆಯ ಬಾಯಿಗೆ ಅಂಗೈ ಒತ್ತಿದಳು.

"ಯಾವಾಗ ಸೇದಿದ್ಯೋ? ಹಗ್ಗ ಒಣಗಿದೆಯಲ್ಲೋ!"

"ಆಮೇಲೆ ಮಾತಾಡೋಣ ಅಕ್ಕ."

ಅವಳು ಬಾವಿಗೆ ಕೊಡ ಇಳಿಸಿ, ಸೇದಿ, ಲೋಟಕ್ಕೆ ಸುರಿದು ಅವನ ಮೂಗಿನ ಕೆಳಗೆ ಹಿಡಿದಳು. "ಕುಡಿ."

"ಜನರ ಮುಂದೆ ಮಾನ ಕಳೀಬೇಡ."

"ಬಾಣಂತಿ ಬಾಯಿಂದ ನೀರು ಕಿತ್ಕೊಂಡು ಬಂದೋನಿಗೆ ಮಾನ ಬೇರೆ! ಕುಡಿಯೋ."

ಕುಡಿದ. ಮುಖ ಕಿವುಚಿತು, ಉಗುಳುವ ಧೈರ್ಯ ಬರಲಿಲ್ಲ.

ಅಕ್ಕ ಬಂದವರತ್ತ ತಿರುಗಿದಳು. "ಇವನು ತೋರಿಸಿದ ಹಕ್ಕಿ ನಿಜ, ದೀಪ ನಿಜ. ನೀರು ಸುಳ್ಳು. ಬಾವಿ ಕೆಟ್ಟಿದೆ, ಕೆಡಿಸಿದೋನು ನನ್ನ ತಮ್ಮ. ದೋಣಿ ಹತ್ತಿ, ಆಚೆ ದಡಕ್ಕೆ ಬಿಡ್ತೀನಿ."

ಬಿಂದಿಗೆಯನ್ನು ತಾನೇ ಹೊತ್ತು ಬಾಣಂತಿಯ ಬಾಗಿಲಲ್ಲಿಟ್ಟು ಬಂದು ದೋಣಿ ನೂಕಿದಳು.

ಕ್ಯಾನುಗಳಿಗೆ ನೀರು ತುಂಬಿಸಿಕೊಂಡು ಅಕ್ಕ ಮರಳಿದಾಗ ತಮ್ಮ ಬರಿದಲೆಯಲ್ಲಿ ಸೀಳಿನ ಬಾಯಿಗೆ ಬುಟ್ಟಿಯಲ್ಲಿ ಮರಳು ಸುರಿಯುತ್ತಿದ್ದ. ಸುರಿದಷ್ಟನ್ನೂ ಗಾಳಿ ಅವನ ಕಣ್ಣಿಗೇ ಎರಚುತ್ತಿತ್ತು.

"ಗೋಣಿಚೀಲಕ್ಕೆ ತುಂಬಿ ಇಡೋ, ದಡ್ಡ. ಮೇಲೆ ಬಳ್ಳಿ ನೆಡು."

"ಎಷ್ಟು ದಿನ ಅಕ್ಕ ಈ ಕೋಪ?"

"ಬಾವಿ ಸಿಹಿಯಾಗೋವರೆಗೂ."

"ಅದಕ್ಕೆ ಎಷ್ಟು ಮಳೆಗಾಲ ಬೇಕೋ!"

"ಅದನ್ನ ದಿಬ್ಬ ಅಗೆಯೋಕೆ ಮೊದಲು ಕೇಳಬೇಕಿತ್ತು."

ಐದು ಮನೆಗೆ ಕ್ಯಾನು ಮುಟ್ಟಿಸಿದಳು. ಆರನೆಯದು ತಮ್ಮನ ಮನೆಯದು. ಅದನ್ನು ದೋಣಿಯಲ್ಲೇ ಬಿಟ್ಟಳು. ಕತ್ತಲಾಗುವ ಮೊದಲು ಅವನು ತಲೆ ತಗ್ಗಿಸಿಕೊಂಡು ಬಂದು ಹೊತ್ತೊಯ್ದ. ಕ್ಯಾನಿನ ನೀರು ಅವನಿಗೆ ಸಂದಿತು. ಬಾವಿಯ ಸಿಹಿನೀರು ಮಾತ್ರ ಆರು ಮನೆಗೂ ಅವನಿಂದ ಬರಬೇಕಾದ ಬಾಕಿ.