ಕಾಬಿಲಾ

"ಕಾಬಿಲ್ ಅಂದ್ರ ಲಾಯಕ್ ಅಂತ್ರೀ ಸಿಸ್ಟರಮ್ಮಾ. ಹೆಂಗಸಾದ್ರಿಂದ ಕಾಬಿಲಾ ಅಂತ ಬರದಾರ. ಯಾ ಕೆಲಸಕ್ಕ ಲಾಯಕ್ ಅನ್ನೋದು ಇದರಾಗಿಲ್ಲ," ಎಂದು ಗುಮಾಸ್ತ ಬಸವಂತರಾಯ ಸಕೀನಾಬೀಯ ಉರ್ದು ಸನದನ್ನು ಮೇಜಿನ ಮೇಲಿಟ್ಟ.

ನರ್ಸ್ ಕಸ್ತೂರೆಮ್ಮ ಪಟ್ಟಿಯಲ್ಲಿ ಹಾಗೆಯೇ ಬರೆದಳು: 'ನಡತೆಯ ಚೀಟಿ ಮಾತ್ರ. ಸೂಲಗಿತ್ತಿ ತರಬೇತಿ ಇಲ್ಲ.' ಹೈದರಾಬಾದ್ ಸೀಮೆ ಒಡೆದು ಲಿಂಗಸುಗೂರು ಮೈಸೂರು ರಾಜ್ಯಕ್ಕೆ ಸೇರಿ ಹದಿನೈದು ದಿನವಾಗಿತ್ತು. ನಿಜಾಮರ ಕಾಲದಲ್ಲಿ ಕಲಿತವರ ಕಲಿಕೆ ಹೊಸ ರಾಜ್ಯದ ಯಾವ ಕಲಿಕೆಗೆ ಸಮ ಎಂದು ಪಟ್ಟಿ ಕೇಳಿದ್ದರು. ಬಳ್ಳಾರಿಯಲ್ಲಿ ಕಲಿತು ಬಂದ ಕಸ್ತೂರೆಮ್ಮನಿಗೆ ಉರ್ದು ಬಾರದು. ಆದರೂ ಆ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಯಾರ ಕಲಿಕೆ ಎಷ್ಟೆಂದು ತೂಗುವ ತಕ್ಕಡಿ ಅವಳ ಕೈಗೇ ಬಂದಿತ್ತು. ಸರಕಾರ ಬದಲಾದರೆ ಬಸುರಿಯ ಹೊಟ್ಟೆಯೂ ಬದಲಾಗುತ್ತದೇನೋ!

ಮರುದಿನ ಬೆಳಿಗ್ಗೆ ಕತ್ತರಿ ಕುದಿಸುತ್ತಿದ್ದ ಸಕೀನಾಬೀಯನ್ನು ಆ ಶಬ್ದದ ಬಗ್ಗೆ ಕೇಳಿದಳು. ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದ ಮಸ್ಕಿಯ ಆ ಹೆಂಗಸು ನಕ್ಕುಬಿಟ್ಟಳು.

"ಕಾಬಿಲಾ ಅಂದ್ರ ಸೂಲಗಿತ್ತಿ ರೀ ಸಿಸ್ಟರಮ್ಮಾ. ಎರಡು ವರ್ಷ ಕಲಿಸಿ, ಪರೀಕ್ಷಾ ತಗೊಂಡು ಆ ಸನದು ಕೊಟ್ಟಾರ. ಯಾಕ್ರೀ?"

"ಏನಿಲ್ಲ, ಸುಮ್ನ ಕೇಳಿದೆ."

ಪಟ್ಟಿ ಇನ್ನೂ ಮೇಜಿನ ಮೇಲೇ ಇತ್ತು. ಒಂದು ಸಾಲು ಹೊಡೆದುಹಾಕಿ ತಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ವಾರ ಪಾಮನಕಲ್ಲೂರಿನ ಬಸುರಿಯೊಬ್ಬಳು ಕಸ್ತೂರೆಮ್ಮನಿಗೆ "ನೀ ಬ್ಯಾಡವ್ವ, ಸಕೀನಾಬೀನ ಬರ್ಲಿ" ಎಂದಿದ್ದಳು. ಹೊಟ್ಟೆಕಿಚ್ಚಿಗೆ ಬಳ್ಳಾರಿಯಲ್ಲೂ ಔಷಧ ಕಲಿಸಿರಲಿಲ್ಲ. ಮಧ್ಯಾಹ್ನದ ಟಪಾಲಿನಲ್ಲಿ ಪಟ್ಟಿ ಹೋಯಿತು.

ತಿಂಗಳೊಳಗೆ ಹುಕುಂ ಬಂತು: ಸಕೀನಾಬೀ ಇನ್ನು ಮುಂದೆ ಆಯಾ, ಹೆರಿಗೆ ಕೋಣೆಯೊಳಗೆ ಕಾಲಿಡಕೂಡದು. "ನೀವರ ಏನ್ ಮಾಡ್ತೀರಿ ಬಿಡ್ರಿ, ನಿಮ್ಮ ಕೈಯಾಗೇನೈತಿ," ಎಂದು ಅವಳೇ ಸಮಾಧಾನ ಹೇಳಿದಳು. ಮಾಡಿದ್ದು ಪಾಪವೆಂದು ಕಸ್ತೂರೆಮ್ಮನಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಮುಕ್ಕುಂದದ ಮಾರೆಮ್ಮನ ಹೆರಿಗೆ. ಕೂಸಿನ ಕಾಲುಗಳು ಮೊದಲು ಬಂದವು. ಕಸ್ತೂರೆಮ್ಮ ಹೊರಗೆ ಕೂಗಿದಳು.

"ಸಕೀನಾಬೀ, ಒಳಗ ಬಾರಬೇ!"

ಅವಳು ನೆಲ ಒರೆಸುವುದನ್ನು ಬಿಟ್ಟು ಓಡಿ ಬಂದು ಹೊಸ್ತಿಲ ಹೊರಗೇ ನಿಂತಳು. "ಹುಕುಂ ಇಲ್ರೀ. ಇದ್ದ ನೌಕರೀನೂ ಹೋಗತೈತಿ. ಇಲ್ಲಿಂದ ಹೇಳ್ತೀನಿ, ಕೇಳ್ರಿ. ಎಳೀಬ್ಯಾಡ್ರಿ. ಬಿಸಿ ಅರಿವಿ ಸುತ್ರಿ, ತಾನಾ ಇಳೀಲಿ... ಕೂಸಿನ ಕುತ್ತಿಗಿ ಹಿಂದಿನ ಭಾಗ ಕಂಡ್ತಾ? ಈಗ ಕಾಲು ಹಿಡದು ಮ್ಯಾಲಕ್ಕ. ಸಾವಕಾಶ, ಸಾವಕಾಶ..."

ಕೂಸು ಅತ್ತಿತು. ಮಾರೆಮ್ಮನ ತಾಯಿ ಆದಮ್ಮ ಕಸ್ತೂರೆಮ್ಮನ ಕಾಲಿಗೆ ಬಿದ್ದಳು. "ನಿನ್ನ ಕೈಗುಣ ದೊಡ್ಡದವ್ವ, ನನ್ನ ತಾಯಿ!"

ಈ ಕೈಯಲ್ಲ ಎನ್ನಬೇಕೆಂದು ಕಸ್ತೂರೆಮ್ಮ ಬಾಗಿಲ ಕಡೆ ತಿರುಗಿದಳು. ಸಕೀನಾಬೀ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಅವಳ ಎರಡೂ ಒದ್ದೆ ಕೈಗಳು ಹೊಸ್ತಿಲ ಆಚೆ, ಬರಿಯ ಗಾಳಿಯಲ್ಲಿ, ಇಲ್ಲದ ಕೂಸನ್ನು ಇನ್ನೂ ಎತ್ತಿ ಹಿಡಿದಿದ್ದವು.